ಅವ್ವನ ಲಿಂಗ ಕಳೆದುಹೋದ ರವಿವಾರ

ಈಗ ಮೂವರೂ ಇಲ್ಲ. ಆಯಿ ಹೋಗಿ ಬಹಳ ವರ್ಷವಾಯಿತು, ಅಪ್ಪ ಹೋಗಿ ಆರು, ಅವ್ವ ಹೋದದ್ದು ಕಳೆದ ವರ್ಷ. ಹೀಗಾಗಿ ಬರೆಯಬಹುದು. ಧೈರ್ಯ ಬಂದಿದೆ ಅಂತಲ್ಲ, ಬಾಯಿ ಬಿಗಿಹಿಡಿದು ಹಿಡಿದು ಸಾಕಾಗಿದೆ. ಶಹಾಪುರದ ಓಣಿಯಲ್ಲಿದ್ದ ನಮ್ಮ ಮನೆಯನ್ನು ಕೊಂಡವರು ಅದನ್ನು ಕೆಡವಿ ಮೂರಂತಸ್ತು ಎಬ್ಬಿಸಿದ್ದಾರೆ. ಆ ದಾರಿಯಲ್ಲಿ ಹೋಗುವಾಗ ಆಟೋದವನಿಗೆ ಬೇಗ ನಡಿಯಪ್ಪಾ ಅನ್ನುತ್ತೇನೆ. ನಮ್ಮದು ಬೆಳಗಾವಿಯ ಹಳೇ ಮನೆಗಳ ಹಾಗೆ ಒಂದರ ಹಿಂದೆ ಒಂದು ಖೋಲಿ ಇದ್ದ ಉದ್ದನೆಯ ಮನೆ. ಮೊದಲು ಪಡಸಾಲೆ, ಆಮೇಲೆ ನಡುಮನೆ, ಅಡುಗೆಮನೆ, ಬಚ್ಚಲು, ಹಿತ್ತಲು. ಬೀದಿಬಾಗಿಲಲ್ಲಿ ನಿಂತರೆ ಹಿತ್ತಲಿನ ಪೇರಲಗಿಡದವರೆಗೂ ಕಣ್ಣು ಹಾಯುತ್ತಿತ್ತು. ಇಂಥ ಮನೆಯಲ್ಲಿ ಏನನ್ನೂ ಮುಚ್ಚಿಡಲು ಆಗುವುದಿಲ್ಲ ಎಂದು ಜನ ತಿಳಿಯುತ್ತಾರೆ. ನಾವು ಅಲ್ಲಿ ಒಂದು ಸಂಗತಿಯನ್ನು ನಲವತ್ತು ವರ್ಷ ಮುಚ್ಚಿಟ್ಟೆವು.

ಅಪ್ಪನ ತಾಯಿಯನ್ನು ನಾವು ಆಯಿ ಅನ್ನುತ್ತಿದ್ದೆವು. ನಡುಮನೆ ಆಕೆಯದು. ಒಂದು ಗೋಡೆಗೆ ದೇವರ ಜಗಲಿ, ಎದುರು ಗೋಡೆಗೆ ಜೋಳ ತುಂಬಿದ ತಗಡಿನ ಡ್ರಮ್ಮು, ಅದರ ಪಕ್ಕ ಆಯಿಯ ಚಾಪೆ. ಆ ಚಾಪೆಯ ಮೇಲೆ ಕೂತೇ ಆಕೆ ಇಡೀ ಮನೆ ಆಳುತ್ತಿದ್ದಳು. ಸಣ್ಣ ವಯಸ್ಸಿನಲ್ಲಿ ಗಂಡ ಸತ್ತು, ಖಾನಾವಳಿಗೆ ರೊಟ್ಟಿ ಬಡಿದುಕೊಟ್ಟು ಒಬ್ಬನೇ ಮಗನನ್ನು ದೊಡ್ಡವನನ್ನಾಗಿ ಮಾಡಿದವಳು. ಕೆಟ್ಟವಳೆಂದು ಬರೆದರೆ ಕೈ ಸೇದಿಹೋದೀತು, ಯಾಕೆಂದರೆ ಹಾಲಿನ ಕೆನೆ ತೆಗೆದು ಸಕ್ಕರೆ ಹಾಕಿ ನನಗೊಬ್ಬಳಿಗೇ ಇಡುತ್ತಿದ್ದವಳೂ ಆಕೆಯೇ. ಆದರೆ ಮಗ ತನ್ನ ಕೈಬಿಟ್ಟು ಹೋದಾನು ಎಂಬ ಅಂಜಿಕೆ ಆಕೆಗೆ ಸಾಯುವ ತನಕ ಹೋಗಲಿಲ್ಲ. ಅಪ್ಪ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಕಟ್ಟಿಗೆಯ ಅಚ್ಚು ಮಾಡುತ್ತಿದ್ದ. ಮೈಯಿಂದ ಯಾವಾಗಲೂ ಸಾಗವಾನಿ ಹೊಟ್ಟಿನ ವಾಸನೆ. ದನಿ ಎತ್ತಿದ್ದನ್ನು ನಾನು ಕಂಡಿಲ್ಲ. ಅತ್ತೆ ಸೊಸೆ ಜಗಳಕ್ಕೆ ನಿಂತರೆ ಆತ ಸೈಕಲ್ಲು ತಲೆಕೆಳಗು ಮಾಡಿಟ್ಟು ಚೈನಿಗೆ ಎಣ್ಣೆ ಬಿಡುತ್ತಿದ್ದ. ಓಣಿಯಲ್ಲೆಲ್ಲ ಅಷ್ಟು ಎಣ್ಣೆ ಕಂಡ ಸೈಕಲ್ಲು ಬೇರೊಂದಿರಲಿಲ್ಲ.

ಅವ್ವನ ತವರು ಖಾನಾಪುರ ತಾಲೂಕಿನ ಬೀಡಿ. ನನಗೆ ಏಳು ವರ್ಷವಾದಾಗ ಆಕೆಗೆ ಖಾನಾಪುರದ ಹತ್ತಿರದ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಿಕಿ ಸಿಕ್ಕಿತು. ಅಲ್ಲಿಂದ ಮನೆಯ ಹದ ಕೆಟ್ಟಿತು. ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು, ಪಲ್ಯ ಮಾಡಿಟ್ಟು, ಓಡೋಡುತ್ತ ಪ್ಯಾಸೆಂಜರ್ ರೈಲು ಹಿಡಿಯುತ್ತಿದ್ದಳು. ಸಂಜೆ ಬರುವಾಗ ಕತ್ತಲಾಗುತ್ತಿತ್ತು. ಮುಂಜಾನೆಯ ನನ್ನ ತಲೆ ಅಪ್ಪನ ಪಾಲಿಗೆ ಬಂತು. ಎರಡು ಹೆರಳು ಹಾಕುತ್ತಿದ್ದ, ಒಂದು ಕಿವಿಯ ಮೇಲೆ, ಇನ್ನೊಂದು ಕುತ್ತಿಗೆಯ ಹತ್ತಿರ. ಶಾಲೆಯಲ್ಲಿ ಹುಡುಗಿಯರು ನಗುತ್ತಿದ್ದರು. ನಾನು ಮಾತ್ರ ಅದನ್ನು ಸಂಜೆಯ ತನಕ ಬಿಚ್ಚುತ್ತಿರಲಿಲ್ಲ. ಅಪ್ಪನ ಮೇಲೆ ನನಗೆ ಅಷ್ಟು ಜೀವ.

ಆಯಿಗೆ ಮಾತ್ರ ಎಲ್ಲದರಲ್ಲೂ ಕೊರತೆ. ರೊಟ್ಟಿ ಆರಿ ಕಟಕಾಗಿವೆ, ಪಲ್ಯಕ್ಕೆ ಉಪ್ಪಿಲ್ಲ, ಹಬ್ಬದ ದಿನವೂ ಶಾಲೆ ಅಂತಾಳೆ. ಅವ್ವನೂ ಸುಮ್ಮನಿರುವವಳಲ್ಲ. ಒಂದಕ್ಕೆ ಎರಡು ಉತ್ತರ ಕೊಟ್ಟು, ಪಾತ್ರೆಗಳನ್ನು ಬಡಬಡ ಇಟ್ಟು, ಕಡೆಗೆ ಇಬ್ಬರೂ ಅಪ್ಪನ ಕಡೆಗೆ ತಿರುಗುತ್ತಿದ್ದರು. ಅಪ್ಪ ಅವರಿಗೂ ‘ಹೋಗ್ಲಿ ಬಿಡು’ ಅನ್ನುತ್ತಿದ್ದ, ಇವರಿಗೂ ‘ಹೋಗ್ಲಿ ಬಿಡು’ ಅನ್ನುತ್ತಿದ್ದ. ಎರಡು ವರ್ಷ ಹೀಗೇ ನಡೆಯಿತು. ಒಂದು ಶನಿವಾರ ಸಂಜೆ ಅವ್ವ ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ಚಹಾದ ಬಟ್ಟಲು ಕೆಳಗಿಟ್ಟು, ಅಪ್ಪನಿಗೆ ನೇರವಾಗಿ ಹೇಳಿದಳು. ನಾನು ಅಲ್ಲೇ ಪಾಟಿಯ ಮೇಲೆ ಮಗ್ಗಿ ಬರೆಯುತ್ತಿದ್ದೆ.

“ಖಾನಾಪುರದಾಗ ಟೇಶನ್ ಬಾಜೂಕ ಒಂದ ಖೋಲಿ ನೋಡೇನ್ರಿ. ಸೋಮವಾರ ಹೋದ್ರ ಶನಿವಾರ ಬರ್ತೇನಿ. ಈಕಿ ಪರೀಕ್ಷಾ ಮುಗದಿಂದ ಈಕಿನ್ನೂ ಕರಕೊಂಡ ಹೋಗ್ತೇನಿ. ನನ್ನ ಮೈ ಸೋತೈತ್ರಿ, ಇನ್ನ ಆಗಂಗಿಲ್ಲ.”

“ನೋಡೂಣು.”

“ನೋಡೂದು ಬ್ಯಾಡ್ರಿ. ಆತು ಅನ್ರಿ, ಇಲ್ಲಾ ಬ್ಯಾಡ ಅನ್ರಿ. ನಿಮ್ಮ ಬಾಯಿಂದ ಒಂದ ಮಾತ ಬರಲಿ.”

ಅಪ್ಪ ಚಹಾ ಕುಡಿದು ಎದ್ದ. ನಡುಮನೆಯಿಂದ ಆಯಿ, “ಹೋಗಾಕಿ ಹೋಗ್ಲಿ ಬಿಡೋ, ಹೋದಾಕಿ ತಿರುಗಿ ಬರತಾಳೇನು?” ಎಂದಳು. ಅವ್ವ ಹೇಳಿದ್ದರಲ್ಲಿ ಶನಿವಾರ ಬರುತ್ತೇನೆ ಎಂಬುದಿತ್ತು, ನನ್ನನ್ನು ಕರೆದುಕೊಂಡು ಹೋಗುವುದೂ ಇತ್ತು. ಒಂಬತ್ತು ವರ್ಷದ ನನ್ನ ಕಿವಿಯಲ್ಲಿ ಉಳಿದದ್ದು ಆಯಿಯ ಮಾತೊಂದೇ. ಅವ್ವ ತಿರುಗಿ ಬರುವುದಿಲ್ಲ.

ನಮ್ಮ ಕಡೆ ಲಿಂಗವಂತರ ಮನೆಯಲ್ಲಿ ಹುಟ್ಟಿದ ಕೂಸಿಗೇ ಲಿಂಗ ಕಟ್ಟುತ್ತಾರೆ. ದಿನಾ ಮುಂಜಾನೆ ಸ್ನಾನ ಮಾಡಿ, ಆ ಸಣ್ಣ ಕರಿಯ ಲಿಂಗವನ್ನು ಎಡಗೈಯ ಮೇಲಿಟ್ಟು, ವಿಭೂತಿ ಪತ್ರಿ ಏರಿಸಿ ಪೂಜೆ ಮಾಡಿದ ಮೇಲೆಯೇ ಊಟ. ಅವ್ವ ಇದರಲ್ಲಿ ಬಲು ಖಡಕ್ಕು. ಪೂಜೆ ಆಗದೆ ಬಾಯಿಗೆ ನೀರು ಸಹ ಹಾಕುತ್ತಿರಲಿಲ್ಲ. ಆಕೆಯ ಲಿಂಗ ಒಂದು ಬೆಳ್ಳಿಯ ಕರಡಿಗೆಯಲ್ಲಿತ್ತು, ಮೊಟ್ಟೆಯಷ್ಟು ಚಿಕ್ಕದು, ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಳು. ದಾರ ಸವೆದಿತ್ತು, ಬದಲಿಸಬೇಕು ಬದಲಿಸಬೇಕು ಅನ್ನುತ್ತಿದ್ದಳು. ರವಿವಾರ ತಲೆಗೆ ಎರೆದುಕೊಳ್ಳುವಾಗ ಮಾತ್ರ, ಸೀಗೆಪುಡಿಯ ನೀರು ತಾಗಬಾರದೆಂದು, ಅದನ್ನು ತೆಗೆದು ಜಗಲಿಯ ಮೇಲಿಟ್ಟು ಬಚ್ಚಲಿಗೆ ಹೋಗುತ್ತಿದ್ದಳು. ನನ್ನ ಲೆಕ್ಕ ಬಹಳ ಸರಳವಾಗಿತ್ತು. ಲಿಂಗವಿಲ್ಲದೆ ಅವ್ವ ನೀರೂ ಕುಡಿಯುವುದಿಲ್ಲ, ಅಂದ ಮೇಲೆ ಲಿಂಗವಿಲ್ಲದೆ ಊರು ಬಿಟ್ಟು ಹೇಗೆ ಹೋದಾಳು? ಸೋಮವಾರದ ರೈಲು ತಪ್ಪಿದರೆ ಸಾಕು, ಆಮೇಲೆ ಎಲ್ಲ ತನ್ನಷ್ಟಕ್ಕೆ ಸರಿಹೋಗುತ್ತದೆ.

ಮರುದಿನ ಅವ್ವ ಬಚ್ಚಲಿಗೆ ಹೋದಳು. ಆಯಿ ಪತ್ರಿ ತರಲು ಪಕ್ಕದ ಮನೆಗೆ ಹೋಗಿದ್ದಳು. ನಾನು ಕರಡಿಗೆಯನ್ನು ದಾರದ ಸಮೇತ ಎತ್ತಿಕೊಂಡು, ಡ್ರಮ್ಮಿನ ಮುಚ್ಚಳ ಸರಿಸಿ, ತೋಳು ಭುಜದ ತನಕ ಜೋಳದಲ್ಲಿ ತೂರಿಸಿ ಒಳಗೆ ಬಿಟ್ಟೆ. ಕಾಳು ಸರಸರ ಮುಚ್ಚಿಕೊಂಡವು. ಕೈ ಒರೆಸಿಕೊಂಡು ಹೊರಗೆ ಹೋಗಿ ಕುಂಟಲಿಪಿ ಆಡಿದೆ. ನನಗೆ ಆಗ ಖುಷಿಯೇ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಅವ್ವ ಒದ್ದೆ ಕೂದಲಲ್ಲೇ ಹುಡುಕಿದಳು. ಜಗಲಿಯ ಮೇಲಿನ ದೇವರನ್ನೆಲ್ಲ ಕೆಳಗಿಳಿಸಿದಳು. ಹಾಸಿಗೆ ಜಾಡಿಸಿದಳು. ಬಚ್ಚಲ ಮೋರಿಯಲ್ಲಿ ಮೊಳಕೈ ತನಕ ಕೈ ಹಾಕಿ ಕೆಸರು ತೆಗೆದಳು. ಆಯಿ ಬಂದು ವಿಷಯ ತಿಳಿದು, ಡ್ರಮ್ಮಿಗೆ ಬೆನ್ನು ಹಚ್ಚಿ ಚಾಪೆಯ ಮೇಲೆ ಕೂತಳು.

“ಖರೇ ಹೇಳು, ಕಡೀಕ ನೋಡಿದ್ದ ಯಾವಾಗ?”

“ಈಗ ಎರಕೊಳ್ಳಾಕ ಹೋಗುವಾಗ ಜಗಲಿ ಮ್ಯಾಲ ಇಟ್ಟೇನ್ರಿ ಅತ್ತಿ.”

“ಇಟ್ಟಿದ್ರ ಎಲ್ಲಿ ಹೋಗತೈತಿ? ಕಾಲ ಬಂದಾವೇನ ಅದಕ್ಕ? ಆ ದಾರ ನೋಡೇನಿ ನಾ, ಇವತ್ತ ಹರಿತೈತೋ ನಾಳೆ ಹರಿತೈತೋ ಅನ್ನೂ ಹಂಗಿತ್ತು. ನಿನ್ನೆ ರೈಲಿನ್ಯಾಗ ಬಿದ್ದೈತಿ. ಅಷ್ಟ ಮಂದ್ಯಾಗ ತುರುಕ್ಯಾಡಿ ಬರಾಕಿಗೆ ಲಿಂಗದ ಖಬರ್ ಎಲ್ಲಿಂದ ಇರಬೇಕು?”

“ಇಲ್ರೀ... ಇಟ್ಟಿದ್ದೆ.” ಅವ್ವ ಖಾಲಿ ಜಗಲಿಯ ಕಡೆ ನೋಡಿ, “ಇಟ್ಟಿದ್ದೆ ಅನಸ್ತೈತ್ರಿ,” ಎಂದಳು.

ವಾರವಾರ ಮಾಡುವ ಕೆಲಸ ಅದು. ಈ ವಾರದ್ದೋ ಹೋದ ವಾರದ್ದೋ ಎಂದು ಯಾರಾದರೂ ಒತ್ತಿ ಒತ್ತಿ ಕೇಳಿದರೆ ಯಾರಿಗಾದರೂ ಅನುಮಾನ ಬಂದೀತು. ಒಂದು ತಾಸಿನೊಳಗೆ ಅವ್ವ ತಾನೇ ನಂಬಿದಳು, ನಿನ್ನೆಯ ರೈಲಿನಲ್ಲಿ ದಾರ ಹರಿದು ಬಿದ್ದದ್ದು ತನಗೆ ಗೊತ್ತಾಗಲಿಲ್ಲ ಎಂದು. ಆಕೆಯ ಮುಖ ಅಷ್ಟು ಇಳಿದದ್ದನ್ನು ನಾನು ಮೊದಲು ಕಂಡಿರಲಿಲ್ಲ. ನಾನು ಬಾಯಿ ಬಿಡಬೇಕಿತ್ತು. ಆಯಿ ಆ ಡ್ರಮ್ಮಿಗೆ ಬೆನ್ನು ಕೊಟ್ಟು ಕೂತಿದ್ದಳು, ನನ್ನ ನಾಲಗೆ ಏಳಲಿಲ್ಲ.

ಆದರೂ ಅವ್ವ ಅಡುಗೆ ಮಾಡಿದಳು. ತಾನು ಒಂದು ಗುಟುಕು ನೀರು ಕುಡಿಯದೆ, ಎಣ್ಣೆಗಾಯಿ, ಬಿಸಿ ರೊಟ್ಟಿ, ಮಸಾಲಿ ಸಾರು, ರವಿವಾರದ ಅಡುಗೆ ಎಲ್ಲ ಮಾಡಿ ಅಪ್ಪನಿಗೂ ಆಯಿಗೂ ತಾಟು ಬಡಿಸಿದಳು. ಆಯಿ ತಾಟನ್ನು ಎರಡು ಬೆರಳಿನಿಂದ ಮುಂದೆ ಸರಿಸಿದಳು.

“ಲಿಂಗ ಇಲ್ಲದಾಕಿ ಕೈಯಾಂದು ನಾ ಉಣ್ಣಂಗಿಲ್ಲ. ಉಣ್ಣಾವ್ರು ಉಣ್ಣಲಿ.”

ಹಾಗೆಂದು ಮಗನ ಕಡೆಗೆ ನೋಡಿದಳು. ಅವ್ವನೂ ನೋಡಿದಳು. ಅಪ್ಪ ರೊಟ್ಟಿ ಮುರಿದಿದ್ದ, ತುತ್ತು ಕೈಯಲ್ಲಿತ್ತು. ಆ ತುತ್ತು ಬಾಯಿಗೆ ಹೋಗಿದ್ದರೆ ನಮ್ಮ ಮನೆ ಉಳಿಯುತ್ತಿತ್ತು. ಇಷ್ಟು ವರ್ಷ ಬೇರೆ ಬೇರೆ ರೀತಿಯಿಂದ ಯೋಚಿಸಿ ನೋಡಿದ್ದೇನೆ, ಕಡೆಗೆ ಇಲ್ಲಿಗೇ ಬಂದು ನಿಲ್ಲುತ್ತೇನೆ. ಅಪ್ಪ ತುತ್ತನ್ನು ತಾಟಿನಲ್ಲಿಟ್ಟು, ಕೈ ತೊಳೆದು, ಅಂಗಿ ಹಾಕಿಕೊಂಡು ಹೊರಗೆ ಹೋದ. ಅರ್ಧ ತಾಸಿನ ಮೇಲೆ ಖಾನಾವಳಿಯಿಂದ ಆಯಿಗೆ ಊಟ ಕಟ್ಟಿಸಿಕೊಂಡು ಬಂದ. ತಾನು ಅಲ್ಲೇ ಉಂಡು ಬಂದಿದ್ದ. ಅವ್ವ ಆ ಪೊಟ್ಟಣ ನೋಡಿದಳು. ಬಡಿಸಿದ್ದನ್ನೆಲ್ಲ ಎತ್ತಿ ಹಿತ್ತಲಿಗೆ ಹೋಗಿ ಪಕ್ಕದವರ ಎಮ್ಮೆಯ ಬಾನಿಗೆ ಸುರಿದಳು. ಮುಂದೆ ನನ್ನ ಸಂಸಾರದಲ್ಲಿ ಗಂಡ ಊಟದ ನಡುವೆ ಎದ್ದರೆ ನಾನೂ ತಾಟು ಬಿಟ್ಟು ಹಿಂದೆಯೇ ಏಳುತ್ತಿದ್ದೆ. ಪಾಪ, ಆತನಿಗೆ ಫೋನು ಬಂದಿರುತ್ತಿತ್ತು, ಅಷ್ಟೇ.

ಮೂರು ಗಂಟೆಯ ಹೊತ್ತಿಗೆ ಅಪ್ಪ ಹಿತ್ತಲಲ್ಲಿ ಸೈಕಲ್ಲಿನ ಮುಂದೆ ಕೂತಿದ್ದ. ನಾನು ಹೋಗಿ ಅವನ ಬೆನ್ನಿಗೆ ಮುಖ ಹಚ್ಚಿ ಎಲ್ಲ ಹೇಳಿಬಿಟ್ಟೆ. ಹೊಡೆದರೆ ಹೊಡೆಯಲಿ, ಅವ್ವ ನೀರು ಕುಡಿದರೆ ಸಾಕು ಎನ್ನುವಂತಾಗಿತ್ತು. ಅಪ್ಪ ಹೊಡೆಯಲಿಲ್ಲ. ಎಣ್ಣೆಯ ಕೈ ಒರೆಸಿಕೊಂಡ. ಆಯಿ ಸಂಜೆಯ ಪುರಾಣಕ್ಕೆ ಮಠಕ್ಕೆ ಹೋಗುವವರೆಗೆ ಕಾದು, ಅವ್ವ ಪಡಸಾಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಗ, ಡ್ರಮ್ಮಿನಲ್ಲಿ ಕೈ ಹಾಕಿ ಕರಡಿಗೆ ತೆಗೆದ. ಜೋಳದ ಹೊಟ್ಟು ಊದಿ ಅಂಗಿಯ ಕಿಸೆಯಲ್ಲಿ ಹಾಕಿಕೊಂಡ.

“ಅಪ್ಪಾ, ಅವ್ವಗ ಕೊಡೂಣು ನಡಿ.”

“ನೀ ಸುಮ್ಮಿರು. ನಾ ನೋಡ್ತೇನಿ.”

“ಅವ್ವ ಏನೂ ಕುಡದಿಲ್ಲ.”

“ನೋಡ್ತೇನಿ ಅಂದ್ನಲ್ಲ ಯವ್ವಾ. ಯಾರ ಮುಂದೂ ಅನಬ್ಯಾಡ. ಅವ್ವನ ಮುಂದೂ ಬ್ಯಾಡ.”

ನನ್ನ ಎದೆಯ ಭಾರ ಇಳಿಯಿತು. ಅಪ್ಪ ನೋಡುತ್ತಾನೆ. ದೊಡ್ಡವರಿಗೆ ಒಪ್ಪಿಸಿದ ಮೇಲೆ ಮಕ್ಕಳಿಗೆ ಏನು ಚಿಂತೆ? ರಾತ್ರಿಯ ಊಟಕ್ಕೆ ಮೊದಲು ಕೊಡುತ್ತಾನೆ ಎಂದುಕೊಂಡು ನಾನು ಕಾದೆ, ಕಾದು ನಿದ್ದೆ ಹೋದೆ. ಅವ್ವ ಲಿಂಗವಿಲ್ಲದೆ ಹೋಗಲಾರಳು ಎಂದು ನಾನು ಲೆಕ್ಕ ಹಾಕಿದ್ದೆನಲ್ಲ, ಅಪ್ಪನೂ ಅದೇ ಲೆಕ್ಕ ಹಾಕಿದನೆಂದು ಈಗ ತಿಳಿಯುತ್ತದೆ. ನನಗೆ ಒಂಬತ್ತು ವರ್ಷ, ಅವನಿಗೆ ಮೂವತ್ತಾರು. ಕೊಟ್ಟರೆ ಅವ್ವ ಗೆಲ್ಲುತ್ತಿದ್ದಳು, ತಾಯಿಯ ಮಾತು ಸುಳ್ಳಾಗುತ್ತಿತ್ತು, ತಾನು ಖಾನಾವಳಿಗೆ ಹೋದದ್ದಕ್ಕೆ ಜವಾಬು ಹೇಳಬೇಕಾಗುತ್ತಿತ್ತು, ಅದರ ಮೇಲೆ ಸೋಮವಾರದ ರೈಲೂ ಇತ್ತು. ಇಷ್ಟೆಲ್ಲ ಹೊರುವುದಕ್ಕಿಂತ ಕಿಸೆಯಲ್ಲಿಟ್ಟುಕೊಳ್ಳುವುದು ಆತನಿಗೆ ಹಗುರಾಗಿ ಕಂಡಿತು.

ಮುಂಜಾನೆ ನಾನು ಎದ್ದಾಗ ರೊಟ್ಟಿ ಬಡಿಯುವ ಸಪ್ಪಳವಿರಲಿಲ್ಲ. ಅವ್ವ ಸೀರೆ ಉಟ್ಟು ತಯಾರಾಗಿದ್ದಳು, ಕೈಯಲ್ಲಿ ಬಟ್ಟೆಯ ಚೀಲ. ತುಟಿ ಒಣಗಿ ಸಿಪ್ಪೆ ಎದ್ದಿದ್ದವು. ಬೀದಿಬಾಗಿಲ ಹತ್ತಿರ ಅಪ್ಪನ ಎದುರು ನಿಂತು, ಸಾವಕಾಶವಾಗಿ, ಜಗಳದ ದನಿಯೇ ಇಲ್ಲದೆ ಹೇಳಿದಳು.

“ಬೀಡಿಗೆ ಹೋಗಿ ಮಠದ ಅಯ್ನಾರ ಕಡಿಂದ ಹೊಸಾ ಲಿಂಗ ಕಟ್ಟಿಸ್ಕೊಂತೇನ್ರಿ. ಕಳಕೊಂಡಿದ್ದ ನನ್ನ ತಪ್ಪು, ಅದಕ್ಕ ಏನ ಪ್ರಾಯಶ್ಚಿತ್ತ ಅಂತಾರೋ ಮಾಡ್ಕೊಂತೇನಿ. ಆಮ್ಯಾಲ ಖಾನಾಪುರದಾಗ ಇರ್ತೇನಿ. ನಿನ್ನೆ ನೀವು ಎದ್ದ ಹೋದ್ರಿ. ನಿಮ್ಮವ್ವ ಅಂದದ್ದಕ್ಕ ನನಗೇನೂ ಇಲ್ಲ. ನೀವು ಎದ್ದ ಹೋದ್ರಿ. ನೀವಾಗೇ ಬಂದು ಕರದ್ರ ಬರ್ತೇನಿ. ಇಲ್ಲಾಂದ್ರ ಇಲ್ಲ.”

ಅಪ್ಪನ ಕೈ ಅಂಗಿಯ ಕಿಸೆಯ ಮೇಲಿತ್ತು. ನಾನು ಆ ಕೈಯನ್ನೇ ನೋಡಿದೆ. ಈಗ ತೆಗೆಯುತ್ತಾನೆ, ಈಗ ತೆಗೆಯುತ್ತಾನೆ. ಅವ್ವನೂ ಸ್ವಲ್ಪ ಹೊತ್ತು ನಿಂತಳು. ಆಕೆಗೆ ಬೇಕಿದ್ದದ್ದು ಲಿಂಗವಲ್ಲ, ಒಂದು ಮಾತು.

“ಹುಷಾರಿಂದ ಹೋಗು,” ಎಂದ ಅಪ್ಪ.

ಅವ್ವ ನನ್ನ ಗಲ್ಲ ಹಿಡಿದು, ಪರೀಕ್ಷೆ ಮುಗಿದ ಮೇಲೆ ಬಾ ಎಂದಳು. ಓಣಿಯ ತಿರುವಿನ ತನಕ ಹಿಂದೆ ನೋಡಲಿಲ್ಲ.

ಅಪ್ಪ ಕರೆಯಲು ಹೋಗಲಿಲ್ಲ. ಈ ವಾರ, ಮುಂದಿನ ವಾರ, ಹಬ್ಬ ಆಗಲಿ ಎಂದು ದಿನ ಹೋದವು. ಕೋರ್ಟು ಕಚೇರಿ ಏನೂ ಆಗಲಿಲ್ಲ. ಮದುವೆ ಮುಂಜಿವೆಯ ಪತ್ರಿಕೆಗಳಲ್ಲಿ ಇಬ್ಬರ ಹೆಸರೂ ಕೂಡಿಯೇ ಬರುತ್ತಿತ್ತು, ಒಬ್ಬರು ಮುಂಜಾನೆ ಹೋದರೆ ಇನ್ನೊಬ್ಬರು ಮಧ್ಯಾಹ್ನ ಹೋಗುತ್ತಿದ್ದರು. ಬೇಸಗೆ ರಜೆಗೆ ಅಪ್ಪ ನನ್ನನ್ನು ರೈಲಿಗೆ ಹತ್ತಿಸುತ್ತಿದ್ದ. ಕಿಟಕಿಯ ಹತ್ತಿರ ನಿಂತು, ಅವ್ವಗ ಹೇಳು ಎಂದು ಶುರು ಮಾಡುತ್ತಿದ್ದ, ರೈಲು ಹೊರಡುವ ತನಕ ಮುಂದಿನ ಮಾತು ಬರುತ್ತಿರಲಿಲ್ಲ. ಖಾನಾಪುರದ ಖೋಲಿಯಲ್ಲಿ ಅವ್ವ ಪ್ರತಿ ವರ್ಷ, ಇಲ್ಲೇ ಶಾಲೆಗೆ ಹಾಕಲೇನು ಎಂದು ಕೇಳುತ್ತಿದ್ದಳು. ಇರಬೇಕೆಂದು ನನ್ನ ಜೀವ ಬಡಿದುಕೊಳ್ಳುತ್ತಿತ್ತು. ಆದರೆ ಇದ್ದರೆ ಎಂದಾದರೊಂದು ದಿನ ಬಾಯಿ ಬಿಟ್ಟೇನು ಎಂಬ ಅಂಜಿಕೆ. ಹಾಗಾಗಿ ಪ್ರತಿ ವರ್ಷ ಬೇಡ ಎಂದೆ. ಮಗಳಿಗೆ ತಾನು ಬೇಡಾದೆ ಎಂದು ಅವ್ವ ತಿಳಿದಿರಬೇಕು. ಆ ನೋವನ್ನು ನಾನೇ ಕೊಟ್ಟೆ, ಗೊತ್ತಿದ್ದೂ ಕೊಟ್ಟೆ.

ಅಪ್ಪ ಹಾಸಿಗೆ ಹಿಡಿದ ವರ್ಷ ಒಂದು ಮಧ್ಯಾಹ್ನ, ಗಂಜಿ ಕುಡಿಸುತ್ತ ನಾನು ಕೇಳಿಯೇಬಿಟ್ಟೆ. ಅಷ್ಟು ವರ್ಷಗಳಲ್ಲಿ ಅದೊಂದೇ ಸಲ.

“ಅಪ್ಪಾ, ಅವತ್ತ ಯಾಕ ಕೊಡಲಿಲ್ಲ?”

ಯಾವುದನ್ನು ಎಂದು ಆತ ಕೇಳಲಿಲ್ಲ.

“ಸಂಜಿಕ್ಕ ಕೊಡೂಣು ಅಂದೆ. ಆಮ್ಯಾಲ ಮುಂಜಾನೆ ಕೊಡೂಣು ಅಂದೆ. ಮುಂಜಾನೆ ಕೊಟ್ರ, ರಾತ್ರಿಯೆಲ್ಲಾ ನನ್ನನ್ನ ಉಪಾಸ ಇಟ್ಟು ಕಿಸೇದಾಗ ಇಟ್ಕೊಂಡಿದ್ರೇನು ಅಂತ ಕೇಳ್ತಿದ್ಲು. ತಿಂಗಳ ಬಿಟ್ಟು ಕೊಟ್ರ, ತಿಂಗಳ ಯಾಕ ಅಂತಿದ್ಲು. ದಿನಾ ಹೋದಂಗ ಕೊಡಾಕ ಆಗದಂಗ ಆತು ನೋಡು.” ಕಣ್ಣೀರು ಕಿವಿಯ ಕಡೆಗೆ ಇಳಿಯುತ್ತಿತ್ತು. “ಆಕಿಗೆ ಹೇಳಬ್ಯಾಡ. ನಾ ಹೋದ ಮ್ಯಾಲೂ ಹೇಳಬ್ಯಾಡ.”

ಅಪ್ಪ ತೀರಿದ ದಿನ ಅವ್ವ ಬಂದಳು. ಮಣ್ಣಿಗೆ ಒಯ್ಯುವ ಮೊದಲು ಹತ್ತಿರ ಹೋಗಿ, ಆತನ ಹಣೆಯ ವಿಭೂತಿಯನ್ನು ತನ್ನ ಬೆರಳಿನಿಂದ ಸರಿಮಾಡಿ ಬಂದು ಕೂತಳು. ಕರಡಿಗೆ ಏನಾಯಿತೋ ನನಗೆ ಗೊತ್ತಿಲ್ಲ, ನಾನು ಹುಡುಕಲಿಲ್ಲ.

ಹೋದ ಸಲದ ಶ್ರಾವಣದ ಹಿಂದಿನ ಶ್ರಾವಣ. ಅವ್ವನಿಗೆ ಎಪ್ಪತ್ತಾರು, ಖಾನಾಪುರದಲ್ಲಿ ಪೆನ್ಶನ್ನಿನಲ್ಲಿ ಕಟ್ಟಿಸಿದ ಎರಡು ಖೋಲಿಯ ಮನೆ. ನಾನು ಮುಂಜಾನೆಯ ಬಸ್ಸಿಗೆ ಹೋಗಿದ್ದೆ. ಶೇಂಗಾ ಸುಲಿಯುತ್ತ ಕೂತಿದ್ದೆವು. ಆಕೆ ತನ್ನಷ್ಟಕ್ಕೆ, “ನನ್ನ ಹಣೆಬಾರಕ್ಕ ಆ ಲಿಂಗ ರೈಲಿನ್ಯಾಗ ಬಿತ್ತು. ಶಿವಾ ಕೊಟ್ಟದ್ದನ್ನ ಜ್ವಾಕಿ ಮಾಡಲಿಲ್ಲ, ಅದಕ್ಕ ಸಂಸಾರಾನೂ ಹೋತು,” ಎಂದಳು. ಇದನ್ನು ಎಷ್ಟೋ ಸಲ ಕೇಳಿದ್ದೆ. ಅವತ್ತು ಯಾಕೋ ತಡೆಯಲಾಗಲಿಲ್ಲ.

“ಅವ್ವಾ, ಅದು ಬಿದ್ದಿರಲಿಲ್ಲ. ನಾ ತಗೊಂಡಿದ್ದೆ. ಜ್ವಾಳದ ಡ್ರಮ್ಮಿನ್ಯಾಗ ಮುಚ್ಚಿಟ್ಟಿದ್ದೆ. ನೀ ಹೋಗಬಾರದು ಅಂತ.”

ಅವ್ವನ ಕೈ ನಿಂತಿತು. ಬೈಯುತ್ತಾಳೆ ಎಂದುಕೊಂಡೆ. ಆಕೆ ಸೆರಗು ಬಾಯಿಗೆ ಹಿಡಿದು ಅತ್ತಳು, ಅಳುತ್ತಲೇ ನಕ್ಕಳು.

“ಹಂಗಾರ ನಾ ಕಳಕೊಂಡಿರಲಿಲ್ಲ! ಹುಚ್ಚಿ, ಹುಚ್ಚಿ! ನಾ ಇಟ್ಟಿದ್ದೆ, ಜಗಲಿ ಮ್ಯಾಲ ಇಟ್ಟಿದ್ದೆ ನೋಡು!” ನನ್ನ ತಲೆಯನ್ನು ಎಳೆದು ಎದೆಗೆ ಒತ್ತಿಕೊಂಡಳು. ಐವತ್ತರ ಹೆಂಗಸು ನಾನು, ಆ ಮಡಿಲಲ್ಲಿ ಹಸುಗೂಸಿನ ಹಾಗೆ ಬಿದ್ದುಕೊಂಡೆ. ಇಷ್ಟು ಸುಲಭವಿತ್ತೇ ಎನಿಸಿತು. ಆಗ ಅವ್ವ ನನ್ನ ಕೂದಲಲ್ಲಿ ಕೈ ಆಡಿಸುತ್ತ ಕೇಳಿದಳು.

“ನಿಮ್ಮಪ್ಪಗ ಇದು ಗೊತ್ತಿರಲಿಲ್ಲಲ್ಲ?”

ನಾನು ಏಳಲಿಲ್ಲ.

“ಅಂವಗರೆ ಹೆಂಗ ಗೊತ್ತಿರಬೇಕು, ಪಾಪ. ಗೊತ್ತಿದ್ರ ಆ ಮನಶ್ಯಾ ಸುಮ್ಮ ಕೂಡಾವಲ್ಲ. ಮುಂದಿನ ಗಾಡಿಗೆ ಓಡಿ ಬರ್ತಿದ್ದ. ನಾ ಕಾದೇನಿ ಯವ್ವಾ, ಎಷ್ಟ ವರ್ಷ ಆ ಟೇಶನ್ನಿನ ಗಾಡಿ ಸಪ್ಪಳಕ್ಕ ಬಾಗಲಕ ಬಂದ ನಿಂತೇನಿ.” ಕೈ ನನ್ನ ತಲೆಯ ಮೇಲೇ ಇತ್ತು. “ಅಪ್ಪಗರೆ ಒಂದ ಮಾತ ಹೇಳಬೇಕಿತ್ತಲ್ಲ ನೀ?”

“ಹೌದವ್ವಾ,” ಎಂದೆ. “ಹೇಳಬೇಕಿತ್ತು. ತಪ್ಪಾತು.”